ದಶಾಂಶ ಉಳಿಸಿಕೊಳ್ಳಲು ಯಾವುದು ಮೇಲು: ಫ್ಲೋಟ್, ಪೈಸೆ ಲೆಕ್ಕ, ಡೆಸಿಮಲ್

ಚಿಕ್ಕಪೇಟೆಯ ಸಗಟು ಬಟ್ಟೆ ವ್ಯಾಪಾರಿಯೊಬ್ಬರ ಬಿಲ್ಲಿಂಗ್ ತಂತ್ರಾಂಶಕ್ಕಾಗಿ ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಒಂದು ವಿನ್ಯಾಸ) ಕಡತಗಳಿಂದ ದರ ಮತ್ತು ಮೀಟರ್ ಅಳತೆಗಳನ್ನು ಓದಿಸುವಾಗ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂರು ವಿಧಾನಗಳನ್ನು ಒಂದೇ ದತ್ತಾಂಶದ ಮೇಲೆ ಪ್ರಯೋಗಿಸಿದೆ.

ನಾವಾಗಿ ಏನನ್ನೂ ಸೂಚಿಸದಿದ್ದರೆ ದಶಾಂಶವಿರುವ ಸಂಖ್ಯೆಗಳೆಲ್ಲ 64 ಬಿಟ್‌ನ ಫ್ಲೋಟ್ (ಸಂಖ್ಯೆಯನ್ನು ಸೀಮಿತ ದ್ವಿಮಾನ ಅಂಕಿಗಳಲ್ಲಿ, ಅಂದರೆ 0 ಮತ್ತು 1ರಲ್ಲಿ, ಇಡುವ ವಿಧ) ಆಗುತ್ತವೆ. ವೇಗಕ್ಕೆ ಇದನ್ನು ಮೀರಿಸುವಂಥದ್ದಿಲ್ಲ. ಆದರೆ 2.675 ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಕೂರದೆ ತುಸು ಕಡಿಮೆಯಾಗಿ ಉಳಿಯುವುದರಿಂದ, ಎರಡು ಸ್ಥಾನಕ್ಕೆ ಇಳಿಸಿದಾಗ 2.67 ಬರುತ್ತದೆ, 4.35 ಅನ್ನು ನೂರರಿಂದ ಗುಣಿಸಿ, ದಶಾಂಶ ಭಾಗವನ್ನು ಕತ್ತರಿಸಿ ಪೂರ್ಣಾಂಕವಾಗಿಸಿದರೆ 435ರ ಬದಲು 434 ಬರುತ್ತದೆ, ಅಂದರೆ ಒಂದು ಪೈಸೆ ಮಾಯ.

ಎಲ್ಲವನ್ನೂ ಪೈಸೆಯ ಪೂರ್ಣಾಂಕವಾಗಿ ಇಡುವುದು ಹಳೆಯ, ಗಟ್ಟಿ ಉಪಾಯ. ಹಣವಷ್ಟೇ ಇದ್ದಿದ್ದರೆ ನಾನು ಮುಂದೆ ಹುಡುಕುತ್ತಿರಲಿಲ್ಲ. ಆದರೆ ಮೀಟರ್ ದರಕ್ಕೆ ನಾಲ್ಕು ದಶಾಂಶ ಸ್ಥಾನ, ಅಳತೆಗೆ ಮೂರು ಎಂದಾದಾಗ, ಯಾವುದನ್ನು ಎಷ್ಟರಿಂದ ಗುಣಿಸಿಟ್ಟಿದೆ ಎಂಬುದನ್ನು ಪ್ರತಿ ಸಾಲಿನಲ್ಲೂ ನೆನಪಿಡಬೇಕಾಗುತ್ತದೆ.

ನನಗೆ ಒಪ್ಪಿಗೆಯಾದದ್ದು ಡೆಸಿಮಲ್, ಅಂದರೆ ದಶಾಂಶ ಅಂಕಿಗಳನ್ನು ಇದ್ದಂತೆಯೇ ಇಟ್ಟುಕೊಳ್ಳುವ ಪೈಥಾನ್‌ನ ಸಂಖ್ಯಾ ವಿಧ. ಜೇಸನ್ ಓದುವ ಫಂಕ್ಷನ್ನಿಗೆ ಪಾರ್ಸ್_ಫ್ಲೋಟ್ ಎಂಬ ಆಯ್ಕೆಯ ಮೂಲಕ ಡೆಸಿಮಲ್ ಅನ್ನು ಕೊಟ್ಟರೆ, ಅಂಕಿಗಳು ಪಠ್ಯರೂಪದಲ್ಲೇ ಅದರ ಕೈಸೇರಿ, 2.50ರ ಕೊನೆಯ ಸೊನ್ನೆಯೂ ಉಳಿಯುತ್ತದೆ. ಮೊದಲು ಫ್ಲೋಟ್ ಆಗಿ ಓದಿ ಅನಂತರ ಡೆಸಿಮಲ್ ಮಾಡುವ ಕೋಡ್ ಧಾರಾಳವಾಗಿ ಕಾಣಸಿಗುತ್ತದೆ. ಅದು ವ್ಯರ್ಥ, ಏಕೆಂದರೆ ಆಗ 0.1 ಎಂಬುದು 0.1000000000000000055511151231257827 ಎಂದು ಶುರುವಾಗುವ ಉದ್ದನೆಯ ಬಾಲವಾಗುತ್ತದೆ, ಆಗಲೇ ಕೆಟ್ಟ ಬೆಲೆಯನ್ನು ಡೆಸಿಮಲ್ ನಿಷ್ಠೆಯಿಂದ ಕಾಪಾಡುತ್ತದೆ.

ಡೆಸಿಮಲ್‌ಗೂ ಕಿರಿಕಿರಿಗಳಿವೆ. ನಾವೇನೂ ಸೂಚಿಸದಿದ್ದಾಗ ಅದು ಬಳಸುವ, ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ಕ್ರಮದಲ್ಲಿ 2.5 ಎಂಬುದು ಸಮಸಂಖ್ಯೆಯಾದ 2ಕ್ಕೆ ಇಳಿಯುತ್ತದೆ. ಆದರೆ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನ ಪ್ರಕಾರ 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೆರಿಗೆಯ ಮೊತ್ತವನ್ನು ಮೇಲಿನ ರೂಪಾಯಿಗೆ ಏರಿಸಬೇಕಾದ್ದರಿಂದ, ಅರ್ಧವನ್ನು ಮೇಲಕ್ಕೇರಿಸುವ ಕ್ರಮವನ್ನು ನಾವೇ ಸೂಚಿಸಬೇಕು. ಅಲ್ಲದೆ, ಪೈಥಾನ್‌ನ ಜೇಸನ್ ಮಾಡ್ಯೂಲ್ ಡೆಸಿಮಲ್ ಅನ್ನು ಬರೆಯಲು ಒಪ್ಪದೆ ದೋಷ ಸೂಚಿಸುತ್ತದೆ. ಹೀಗಾಗಿ ಬ್ರೌಸರ್‌ಗೆ ಮೊತ್ತಗಳನ್ನು ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿಯೇ ಕಳುಹಿಸುತ್ತೇನೆ. ಬ್ರೌಸರ್‌ನಲ್ಲಿ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಜೇಸನ್ ಓದುವಿಕೆ ಎಲ್ಲ ಸಂಖ್ಯೆಗಳನ್ನೂ 64 ಬಿಟ್‌ನ ಫ್ಲೋಟ್ ಆಗಿಸುವುದರಿಂದ ಅಲ್ಲಿ 9007199254740993 ಎಂಬ ಪೂರ್ಣಾಂಕವೂ ಒಂದು ಕಡಿಮೆಯಾಗಿ ಹೊರಬರುತ್ತದೆ.

ತಿಂಗಳ ಮಾರಾಟದ ನಕ್ಷೆ ಬಿಡಿಸುವ ಭಾಗದಲ್ಲಿ ಮಾತ್ರ ಫ್ಲೋಟ್ ಅನ್ನೇ ಬಿಟ್ಟಿದ್ದೇನೆ. ಅಲ್ಲಿ ಪೈಸೆಯ ವ್ಯತ್ಯಾಸ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ.