ಎಚ್‌ಒ ಹಳಿಗಳು: ಕೋಡ್ 100, 83, 70ರಲ್ಲಿ ಯಾವುದು?

ಮಾದರಿ ರೈಲಿನ ಹಳಿಗೆ ಕೊಡುವ ಕೋಡ್ ಸಂಖ್ಯೆಯು ಅದರ ಎತ್ತರವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಸೂಚಿಸುತ್ತದೆ. ಎಚ್‌ಒ ಮಾಪಕದಲ್ಲಿ ಮಾದರಿಯು ನಿಜವಾದ ರೈಲಿಗಿಂತ 87.1 ಪಟ್ಟು ಚಿಕ್ಕದಾಗಿರುವುದರಿಂದ, ಆ ಎತ್ತರವನ್ನು 87.1ರಿಂದ ಗುಣಿಸಿದರೆ ನಿಜವಾದ ಹಳಿಯ ಎತ್ತರ ತಿಳಿಯುತ್ತದೆ. ಹೀಗೆ ಲೆಕ್ಕ ಹಾಕಿದಾಗ ಕೋಡ್ 100 ಹಳಿ ಸುಮಾರು 8.7 ಅಂಗುಲವಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಬಳಸಿದ, ಗಜಕ್ಕೆ 155 ಪೌಂಡ್ ತೂಗುವ ಭಾರಿ ಹಳಿಯೂ 8 ಅಂಗುಲವಷ್ಟೇ ಇದ್ದುದರಿಂದ, ಇದು ಕಣ್ಣಿಗೆ ದಪ್ಪವೆನಿಸುವುದು ಸಹಜ. ಆದರೂ ಅದು ಗಟ್ಟಿಮುಟ್ಟಾದದ್ದು, ಆಳವಾದ ಫ್ಲ್ಯಾಂಜಿನ (ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವ ಒಳ ಅಂಚಿನ) ಹಳೆಯ ಚಕ್ರಗಳನ್ನೂ ಸಹಿಸಿಕೊಳ್ಳುತ್ತದೆ. ಆದ್ದರಿಂದ ಕಾಣದ ಸುರಂಗಗಳಲ್ಲಿ ನಾನು ಅದನ್ನೇ ಆರಿಸುವೆನು.

ಕೋಡ್ 83 ಸುಮಾರು 7.2 ಅಂಗುಲಕ್ಕೆ ಸಮನಾಗಿದ್ದು, 132 ಪೌಂಡಿನ ಆಧುನಿಕ ಮುಖ್ಯಮಾರ್ಗದ ಹಳಿಗೆ ಬಹಳ ಹತ್ತಿರವಾಗಿದೆ.

ಕೋಡ್ 70 ಸುಮಾರು 6.1 ಅಂಗುಲವಿದ್ದು 100 ಪೌಂಡಿನ ಹಳಿಯನ್ನು ಹೋಲುವುದರಿಂದ, ಸೈಡಿಂಗ್ (ಮುಖ್ಯಮಾರ್ಗದ ಪಕ್ಕದ ಹಳಿ), ಯಾರ್ಡ್ ಹಾಗೂ ಹಳೆಯ ಕಾಲದ ಮಾರ್ಗಗಳಿಗೆ ಒಪ್ಪುತ್ತದೆ. ಆದರೆ ಇಲ್ಲಿ ಆಳವಾದ ಫ್ಲ್ಯಾಂಜ್ ಹಳಿಯನ್ನು ಹಿಡಿದಿರುವ ಮೊಳೆತಲೆಗಳಿಗೆ ತಗುಲಬಹುದು. ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಹಳೆಯ ಬೋಗಿಗಳನ್ನು ಅದರ ಒಂದು ತುಂಡಿನ ಮೇಲೆ ಉರುಳಿಸಿ ನೋಡಿ. ಬೇರೆ ಬೇರೆ ಕೋಡ್‌ಗಳನ್ನು ಬೆರೆಸುವುದಾದರೆ ಹಳಿಯ ಮೇಲ್ಮೈ ಸಮವಾಗುವಂತೆ ಅವನ್ನು ಕೂಡಿಸುವ ಪರಿವರ್ತನಾ ಜಾಯಿನರ್ ಬೇಕಾಗುತ್ತದೆ.