ಸ್ಪೇನ್–ಫ್ರಾನ್ಸ್ ಕಾರು ಪ್ರವಾಸಕ್ಕೆ ಯಾವ ಟೆಡ್ಡಿ? ಮೂರು ಬೇಸಿಗೆ ಬಳಸಿದ ಮೇಲಿನ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡೋಣ. ಜುಲೈ–ಆಗಸ್ಟ್ ಬಿಸಿಲಲ್ಲಿ ಮ್ಯಾಡ್ರಿಡ್‌ನಿಂದ ಹೊರಟು ಸರಗೋಸಾ, ಬಾರ್ಸಿಲೋನಾ, ಫಿಗೆರಸ್ ದಾಟಿ ಫ್ರಾನ್ಸಿನ ಮಿಯೋ ಸೇತುವೆಯವರೆಗೆ ಹೋಗುವ ದಾರಿಗೆ 25 ಸೆಂ.ಮೀ. ಎತ್ತರದ ಪಾಲಿಯೆಸ್ಟರ್ ಟೆಡ್ಡಿಯೇ ಸರಿ. ಮೂಗು ದಾರದಲ್ಲಿ ಹೊಲಿದಿರಬೇಕು, ಕೂರುವ ಭಾಗದಲ್ಲಿ ಪ್ಲಾಸ್ಟಿಕ್ ಕಾಳು ತುಂಬಿರಬೇಕು. ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಮೊಹೇರ್ ಕರಡಿಗೆ ಮೂರು. 60 ಸೆಂ.ಮೀ.ನ ದೊಡ್ಡ ಕರಡಿಗೆ ಒಂದು, ಅದೂ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಅನ್ನುವ ಮುಲಾಜಿಗೆ.

ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲಿನ ಬಟ್ಟೆ. ಕೈಕಾಲು, ಕತ್ತು ತಿರುಗುವ ಹಳೇ ಮಾದರಿಯ ಕರಡಿಗಳು ಹೆಚ್ಚಾಗಿ ಇದರಲ್ಲೇ ಇರುತ್ತವೆ. ಜರ್ಮನಿಯ ಗೀಂಗೆನ್ ಊರಿನಲ್ಲಿ ಆಟಿಕೆ ವಿನ್ಯಾಸಕಾರ ರಿಚರ್ಡ್ ಸ್ಟೈಫ್ 1902ರಲ್ಲಿ ರೂಪಿಸಿದ ಕರಡಿ ಮಾದರಿಗೆ 55ಪಿಬಿ ಅಂತ ಹೆಸರು. ಅದರಲ್ಲಿ ‘ಬಿ’ ಅನ್ನುವುದು ‘ಚಲಿಸುವ’ ಎಂಬ ಜರ್ಮನ್ ಪದದ ಮೊದಲಕ್ಷರ. ಆ ಕೀಲುಗಳೇ ಪ್ರವಾಸದಲ್ಲಿ ಇದರ ದೊಡ್ಡ ಅನುಕೂಲ. ಕಲ್ಲುಗೋಡೆಯ ಮೇಲೆ, ಬೇಲಿಯ ಮೇಲೆ, ಹೋಟೆಲ್ ಕಿಟಕಿಯಲ್ಲಿ ಎಲ್ಲೆಂದರಲ್ಲಿ ಕೂರುತ್ತದೆ, ತಲೆ ತಿರುಗಿಸಿದರೆ ಎತ್ತಲೋ ನೋಡುತ್ತಿರುವ ಹಾಗೆ ಕಾಣುತ್ತದೆ. ತೊಂದರೆ ಇರುವುದು ಒಳಗೆ. ಹಳೇ ಕರಡಿಗಳ ಹೊಟ್ಟೆಯಲ್ಲಿ ಮರದ ನಾರು, ಕೀಲಿನಲ್ಲಿ ರಟ್ಟಿನ ಬಿಲ್ಲೆ. ಎರಡಕ್ಕೂ ನೀರು ಆಗುವುದಿಲ್ಲ. ಬಿಸ್ಕೆ ಕೊಲ್ಲಿಯ ದಡದಲ್ಲಿ, ಅಂದರೆ ಸಾನ್ ಸೆಬಾಸ್ಟಿಯನ್, ಬಿಯಾರಿಟ್ಜ್ ಕಡೆ, ನಾಲ್ಕು ದಿನ ಮೋಡ, ತುಂತುರು ಹಿಡಿದರೆ ಮುಗ್ಗಲು ವಾಸನೆ ಶುರು. ಜೊತೆಗೆ ಇಂಥವು ಹೆಚ್ಚಾಗಿ ದೊಡ್ಡವರ ಸಂಗ್ರಹಕ್ಕೆಂದೇ ಮಾಡಿದವು, ಕಣ್ಣು ಗಾಜಿನದು. ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡುವಂಥದ್ದಲ್ಲ.

ಪಾಲಿಯೆಸ್ಟರ್ ಟೆಡ್ಡಿ ಕೊಳ್ಳುವಾಗ ಮೂರು ಕಡೆ ಕೈಯಾಡಿಸಿ ನೋಡಿ. ಮೂಗು ಅಂಟಿಸಿದ್ದಾದರೆ ಬೇಡ. ಕಾರಿನ ಕಾವಿಗೆ ಅಂಟು ಮೆತ್ತಗಾಗಿ ಮೂಗು ಓರೆಯಾಗುತ್ತದೆ, ಕೊನೆಗೊಂದು ದಿನ ಸೀಟಿನ ಸಂದಿಯಲ್ಲಿ ಸಿಗುತ್ತದೆ. ಬೆನ್ನಿನ ಹೊಲಿಗೆಯನ್ನು ಎರಡು ಹೆಬ್ಬೆರಳಲ್ಲಿ ಅಗಲಿಸಿ, ದಾರ ಹಲ್ಲು ಕಿರಿದ ಹಾಗೆ ಕಂಡರೆ ಬಿಟ್ಟುಬಿಡಿ. ಮೂರನೆಯದು ಕಾಳಿನ ಚೀಲ. ಪ್ಲಾಸ್ಟಿಕ್ ಕಾಳು ನೇರವಾಗಿ ತುಪ್ಪಳದ ಬಟ್ಟೆಯೊಳಗೆ ಇರಬಾರದು, ಒಳಗೆ ಬೇರೆ ಚೀಲದಲ್ಲಿ ಇರಬೇಕು. ಹಿಸುಕಿದಾಗ ಕಾಳು ಒಂದೇ ಗಂಟಾಗಿ ಜರುಗಿದರೆ ಚೀಲ ಇದೆ ಅಂತ ಲೆಕ್ಕ. ಮರಳಿನ ಹಾಗೆ ಕಾಲಿಗೂ ಹರಿದರೆ ಇಲ್ಲ. ಯುರೋಪಿನಲ್ಲಿ ಕೊಳ್ಳುವುದಾದರೆ, ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅನ್ನುವ ಸಿಇ ಗುರುತಿನ ಚೀಟಿಯನ್ನೂ ನೋಡಿಕೊಳ್ಳಿ.

ಬೆಂಗಳೂರಿನಿಂದಲೇ ಕರಡಿ ತರುವವರು ಅದನ್ನು ಕೈಚೀಲದಲ್ಲಿ ಮೇಲುಗಡೆಗೇ ಇಟ್ಟುಕೊಳ್ಳಿ. ಕಾಳು ತುಂಬಿದ ಕರಡಿ ಸ್ಕ್ಯಾನರಿನಲ್ಲಿ ಗಟ್ಟಿ ಗಡ್ಡೆಯ ಹಾಗೆ ಕಾಣುತ್ತದೆ, ತೆಗೆದು ತೋರಿಸಿ ಅನ್ನುವ ಸಂಭವ ಹೆಚ್ಚು.

ಈ ದಾರಿಯಲ್ಲಿ ಟೆಡ್ಡಿಯ ನಿಜವಾದ ಶತ್ರು ಮರಳೂ ಅಲ್ಲ, ಕೊಳೆಯೂ ಅಲ್ಲ, ಗಾಜಿನ ಹಿಂದಿನ ಬಿಸಿಲು. ಕಾರಿನ ಮುಂದಿನ ಗಾಜು ಎರಡು ಪದರದ್ದು, ನೇರಳಾತೀತ ಕಿರಣವನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಗಾಜು ಹೆಚ್ಚಿನ ಕಾರುಗಳಲ್ಲಿ ಒಂದೇ ಪದರ, ಅಷ್ಟು ತಡೆಯುವುದಿಲ್ಲ. ಬಾರ್ಸಿಲೋನಾದಿಂದ ಉತ್ತರಕ್ಕೆ ಹೋಗುವಾಗ ಮಧ್ಯಾಹ್ನದ ಮೇಲಿನ ಬಿಸಿಲು ಹೆಚ್ಚಾಗಿ ಎಡಗಡೆಯಿಂದ ಬೀಳುತ್ತದೆ. ಎಡ ಕಿಟಕಿಯಲ್ಲಿ ಕೂತ ಕಂದು ಕರಡಿಯ ಎಡಗಿವಿ ಒಂದೇ ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಬಹುದು. ಬಣ್ಣ ಹಾಕಿದ ಮೊಹೇರ್ ಆದರೆ ಇನ್ನೂ ಬೇಗ. ಹಾಗಾಗಿ ಹಿಂದಿನ ಸೀಟಿನ ಬಲಬದಿ. ಅಲ್ಲಿ ಬಲಗಡೆ ಸಂಚಾರವಾದ್ದರಿಂದ ಬಲಬಾಗಿಲು ಫುಟ್‌ಪಾತ್ ಕಡೆಗೇ ತೆರೆಯುತ್ತದೆ, ಮಗು ಕರಡಿ ಹಿಡಿದುಕೊಂಡು ಇಳಿಯುವುದಕ್ಕೂ ಅದೇ ವಾಸಿ.

ಗಡಿಯಾರ ನೋಡಿ ಮೋಸಹೋಗಬೇಡಿ. ಬೇಸಿಗೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಎರಡೂಕಾಲರ ಹೊತ್ತಿಗೆ. ನಮ್ಮ ಅಭ್ಯಾಸದಲ್ಲಿ ನಾಲ್ಕು ಗಂಟೆಗೆ ಬಿಸಿಲು ಇಳಿಯಿತು ಅಂದುಕೊಳ್ಳುತ್ತೇವೆ; ಅಲ್ಲಿ ಕಾವು ಐದು-ಆರರವರೆಗೂ ಏರುತ್ತಲೇ ಇರುತ್ತದೆ. ಹೊರಗೆ 35 ಡಿಗ್ರಿ ಇರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಒಂದು ಗಂಟೆಯಲ್ಲಿ 50 ದಾಟುತ್ತದೆ, ಡ್ಯಾಶ್‌ಬೋರ್ಡ್ 70ರ ಆಸುಪಾಸಿಗೆ ಹೋಗುತ್ತದೆ. ಆ ಕಾವಲ್ಲಿ ಒತ್ತಿಕೊಂಡಿದ್ದ ಪಾಲಿಯೆಸ್ಟರ್ ತುಪ್ಪಳ ಹಾಗೇ ಚಪ್ಪಟೆಯಾಗಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಬಾಚಿದರೂ ಏಳುವುದಿಲ್ಲ. ಇದಕ್ಕೆ ಸುಲಭದ ಉಪಾಯ, ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಬೆಳ್ಳಿಬಣ್ಣದ ತಂಪುಚೀಲ. ಐಸ್ ಹಾಕಬೇಡಿ, ಒದ್ದೆಯಾಗುತ್ತದೆ. ಖಾಲಿ ಚೀಲದಲ್ಲಿ ಕರಡಿಯನ್ನು ಕೂರಿಸಿ, ಜಿಪ್ ಎಳೆದು, ಡಿಕ್ಕಿಯಲ್ಲಿ ಇಡಿ. ಎರಡು ಮೂರು ಗಂಟೆಯ ಊಟ-ಸುತ್ತಾಟಕ್ಕೆ ಅಷ್ಟು ಸಾಕು. ಕರಡಿಯೂ ಸೇರಿ ಹೊರಗಿನಿಂದ ಕಾಣುವಂತೆ ಏನನ್ನೂ ಬಿಡದಿರುವುದು ಕಳ್ಳರ ದೃಷ್ಟಿಯಿಂದಲೂ ಕ್ಷೇಮ. ಸಮುದ್ರತೀರದ ಪಾರ್ಕಿಂಗ್, ಹೆದ್ದಾರಿಯ ವಿಶ್ರಾಂತಿ ತಾಣ ಎರಡೂ ಅದಕ್ಕೆ ಹೆಸರಾದ ಜಾಗಗಳೇ.

ಡ್ಯಾಶ್‌ಬೋರ್ಡ್ ಮೇಲೆ ಕರಡಿ ಕೂರಿಸುವ ಚಟ ಹಲವರಿಗಿದೆ. ಬಿಡಬೇಕು. ಎಡಬದಿ ಚಾಲಕ, ಬಲಬದಿ ಏರ್‌ಬ್ಯಾಗ್‌ನ ಮುಚ್ಚಳ. ಅದು ಸಿಡಿದರೆ ಕರಡಿ ನೇರ ಮುಖಕ್ಕೆ. ಕನ್ನಡಿಗೆ ನೇತುಹಾಕಿದರೂ ತಕರಾರೇ, ಚಾಲಕನ ನೋಟಕ್ಕೆ ಅಡ್ಡ ಬರುವ ವಸ್ತುವನ್ನು ಎರಡೂ ದೇಶಗಳ ಸಂಚಾರ ನಿಯಮ ಒಪ್ಪುವುದಿಲ್ಲ. ಹಿಂದಿನ ಗಾಜಿನ ಕೆಳಗಿನ ಹಲಗೆಯಂತೂ ಎಲ್ಲಕ್ಕಿಂತ ಕೆಟ್ಟ ಜಾಗ: ಬಿಸಿಲೂ ಹೌದು, ಗಕ್ಕನೆ ಬ್ರೇಕ್ ಹಾಕಿದರೆ ಮುಂದಕ್ಕೆ ಹಾರುವುದೂ ಹೌದು. ದೊಡ್ಡ ಕರಡಿಗೆ ಒಂದೇ ಅಂಕ ಕೊಟ್ಟಿದ್ದು ಇದಕ್ಕೇ. ಅದು ಹಿಂದಿನ ಸೀಟಿನಲ್ಲಿ ಕೂತರೆ ಕನ್ನಡಿಯಲ್ಲಿ ರಸ್ತೆಯ ಬದಲು ಕರಡಿಯ ಕಿವಿ ಕಾಣುತ್ತದೆ. ಫ್ರಾನ್ಸಿನಲ್ಲಿ ಹತ್ತು ವರ್ಷದೊಳಗಿನ ಮಕ್ಕಳು, ಸ್ಪೇನಿನಲ್ಲಿ 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳು ಸಾಮಾನ್ಯವಾಗಿ ಹಿಂದೆಯೇ ಕೂರಬೇಕು. ಇಬ್ಬರು ಮಕ್ಕಳ ಸೀಟು ಕಟ್ಟಿದ ಮೇಲೆ ದೊಡ್ಡ ಕರಡಿಗೆ ಜಾಗವೇ ಉಳಿಯುವುದಿಲ್ಲ.

ದಾರಿಯ ಬಗ್ಗೆ ಚುಟುಕಾಗಿ: ಮ್ಯಾಡ್ರಿಡ್–ಸರಗೋಸಾ ನಡುವಿನ ಎ-2 ಹೆದ್ದಾರಿಗೆ ಟೋಲ್ ಇಲ್ಲ. ಅಲ್ಲಿಂದ ಮುಂದಿನ ಎಪಿ-2, ಬಾರ್ಸಿಲೋನಾದಿಂದ ಗಡಿಯ ಲಾ ಜೊಂಕೇರಾವರೆಗಿನ ಎಪಿ-7 ಎರಡೂ 2021ರ ಸೆಪ್ಟೆಂಬರ್ 1ರಿಂದ ಉಚಿತ. ಗಡಿ ದಾಟಿ ಎ9 ಹಿಡಿದ ಮೇಲೆ ಟೋಲ್ ಶುರು. ಬೆಜಿಯೆ ಬಳಿ ಎ75ಕ್ಕೆ ತಿರುಗಿದರೆ ಮತ್ತೆ ಉಚಿತ, ಮಿಯೋ ಸೇತುವೆಯೊಂದನ್ನು ಬಿಟ್ಟು. ಫ್ರಾನ್ಸಿನಲ್ಲಿ ಜುಲೈ ಕೊನೆ, ಆಗಸ್ಟ್ ಮೊದಲ ವಾರದ ಶನಿವಾರಗಳನ್ನು ತಪ್ಪಿಸಿ. ರಜೆ ಮುಗಿಸಿ ಬರುವವರೂ ಹೊರಡುವವರೂ ಒಟ್ಟಿಗೇ ರಸ್ತೆಗೆ ಇಳಿಯುತ್ತಾರೆ. ಬಿಜೋನ್ ಫ್ಯುಟೆ ಅನ್ನುವ ಸರಕಾರಿ ಮುನ್ಸೂಚನೆ ಆ ದಿನಗಳಿಗೆ ಕೆಂಪು, ಕಪ್ಪು ಬಣ್ಣ ಕೊಟ್ಟಿರುತ್ತದೆ.

ಕರಡಿ ಜೊತೆ ಇದ್ದವರು ನಿಲ್ಲಲೇಬೇಕಾದ ಜಾಗಗಳು ಈ ದಾರಿಯಲ್ಲಿ ನಿಜಕ್ಕೂ ಇವೆ. ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಮದ್ರೋನ್ಯೋ ಅನ್ನುವ ಕೆಂಪು ಹಣ್ಣಿನ ಗಿಡಕ್ಕೆ ಮುಂಗಾಲು ಊರಿ ನಿಂತ ಕರಡಿಯ ಪ್ರತಿಮೆ ಇದೆ, 1967ರದ್ದು, ಅದೇ ಊರಿನ ಲಾಂಛನ. ಬೆಳಿಗ್ಗೆ ಎಂಟರೊಳಗೆ ಹೋದರೆ ಜನ ಕಡಿಮೆ. ಫಿಗೆರಸ್‌ಗೆ ಎಲ್ಲರೂ ಚಿತ್ರಕಲಾವಿದ ಸಾಲ್ವಡಾರ್ ಡಾಲಿಯ ಮ್ಯೂಸಿಯಂ ನೋಡಲು ಹೋಗುತ್ತಾರೆ. ಅದೇ ಊರಿನ ಆಟಿಕೆ ಮ್ಯೂಸಿಯಂನಲ್ಲಿ ಡಾಲಿ ಮತ್ತು ತಂಗಿ ಆನಾ ಮರಿಯಾರ ಮನೆಯ ಟೆಡ್ಡಿ ಇದೆ, ಹೆಸರು ಡಾನ್ ಒಸಿತೊ ಮಾರ್ಕಿನಾ. ಒಸಿತೊ ಅಂದರೆ ಪುಟ್ಟ ಕರಡಿ. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ಎರಡನೆಯದನ್ನೇ ಆರಿಸಿ, ಸಾಲು ಕಡಿಮೆ. ಮಿಯೋದಲ್ಲಿ ಸೇತುವೆ ಪಕ್ಕದ ವಿಶ್ರಾಂತಿ ತಾಣದಿಂದ ದಿಬ್ಬ ಹತ್ತಿದರೆ 343 ಮೀಟರ್ ಎತ್ತರದ ಆ ಕಟ್ಟಡ ಕರಡಿಯ ಹಿಂದೆ ಪೂರ್ತಿ ಸಿಗುತ್ತದೆ.

ಆದರೆ ಗಾಳಿ. ಸರಗೋಸಾದಲ್ಲಿ ಸಿಯೆರ್ಸೊ, ಪೆರ್ಪಿನ್ಯಾನ್–ನಾರ್ಬೋನ್ ನಡುವೆ ತ್ರಮೊಂತಾನ್, ಮಿಯೋದ ದಿಬ್ಬದ ಮೇಲಂತೂ ಹೇಳುವುದೇ ಬೇಡ. ಮುನ್ನೂರು ಗ್ರಾಂ ಕರಡಿ ಗೋಡೆಯಿಂದ ಉರುಳಲು ಒಂದು ಬೀಸು ಸಾಕು. ಒಂದು ಕಾಲುಚೀಲದಲ್ಲಿ ಎರಡು ಹಿಡಿ ಅಕ್ಕಿ ಹಾಕಿ ಗಂಟುಕಟ್ಟಿ, ಕರಡಿಯ ಬೆನ್ನಿಗೆ ಒತ್ತಿಡಿ. ಸೊಂಟಕ್ಕೆ ಮೀನುಗಾಳದ ತೆಳು ದಾರ ಸುತ್ತಿ ತುದಿಯನ್ನು ಕೈಗೆ ಕಟ್ಟಿಕೊಳ್ಳಿ, ಫೋಟೋದಲ್ಲಿ ಕಾಣುವುದಿಲ್ಲ. ಕಡುಕಂದು ಕರಡಿ ಚೌಕಟ್ಟಿನ ತುಂಬ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿ ಆಕಾಶವನ್ನು ಬಿಳಿಚಿಸುತ್ತದೆ, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಅರ್ಧ ಸ್ಟಾಪ್ ಇಳಿಸಿ. ಬಿಳಿ ಕರಡಿಗೆ ಉಲ್ಟಾ.

ಮರಳು ಹತ್ತಿದರೆ ನೀರು ಮುಟ್ಟಿಸಬೇಡಿ. ಬೋರ್ಡೊ ಕಡೆಗೆ ಬಳಸಿ ಹೋಗುವವರು ಪಿಲಾ ಮರಳುದಿಬ್ಬದಲ್ಲಿ ಇದನ್ನು ಚೆನ್ನಾಗಿ ಕಲಿಯುತ್ತಾರೆ. ಒದ್ದೆ ಮರಳು ತುಪ್ಪಳದ ಬುಡಕ್ಕೆ ಹೋಗಿ ಕೂತರೆ ಹೊರಬರುವುದಿಲ್ಲ. ಪೂರ್ತಿ ಒಣಗಲಿ, ತಲೆಕೆಳಗಾಗಿ ಹಿಡಿದು ಬೆನ್ನಿಗೆ ತಟ್ಟಿ, ಮಗುವಿನ ತಲೆಬಾಚುವ ಬ್ರಷ್‌ನಿಂದ ಕೂದಲಿನ ಎದುರು ದಿಕ್ಕಿಗೆ ಬಾಚಿ. ಸನ್‌ಸ್ಕ್ರೀನ್ ಬಳಿದ ಕೈ ಇನ್ನೂ ಅಪಾಯ. ಹಲವು ಸನ್‌ಸ್ಕ್ರೀನ್‌ಗಳಲ್ಲಿರುವ ಅವೊಬೆಂಜೋನ್ ಅನ್ನುವ ರಾಸಾಯನಿಕ ನೀರಿನ ಕಬ್ಬಿಣದ ಜೊತೆ ಸೇರಿ ತುಕ್ಕಿನ ಬಣ್ಣದ ಕಲೆಯಾಗುತ್ತದೆ, ಬ್ಲೀಚ್ ಹಾಕಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ನೀರು ಹಾಕುವ ಮೊದಲೇ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ತಿಕ್ಕಿ ಎಣ್ಣೆ ಬಿಡಿಸಿ.

ಸ್ಪೇನಿನ ಸ್ವಸೇವಾ ಲಾಂಡ್ರಿಗಳಲ್ಲಿ ಬಹಳಷ್ಟು ಯಂತ್ರಗಳು ಸೋಪು, ಸಾಫ್ಟ್‌ನರ್ ಎರಡನ್ನೂ ತಾವೇ ಹಾಕಿಕೊಳ್ಳುತ್ತವೆ. ಸಾಫ್ಟ್‌ನರ್ ತುಪ್ಪಳದ ಮೇಲೆ ಪೊರೆಯಾಗಿ ಕೂತು ಧೂಳನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಗುಂಡಿ ಒತ್ತುವ ಮೊದಲು ಗೋಡೆಯ ಸೂಚನೆ ಓದಿ. ನಿಲ್ಲಿಸಲು ಬರದಿದ್ದರೆ ಹೋಟೆಲ್ ಸಿಂಕೇ ಮೇಲು. ಯಂತ್ರಕ್ಕೆ ಹಾಕುವುದಾದರೆ ಜಾಲರಿ ಚೀಲದಲ್ಲಿ, ತಣ್ಣೀರು ಅಥವಾ 30 ಡಿಗ್ರಿ. ಡ್ರೈಯರ್ ಬೇಡವೇ ಬೇಡ, ತುಪ್ಪಳದ ತುದಿ ಸುರುಟಿ ಹಳೇ ಕಂಬಳಿಯಂತಾಗುತ್ತದೆ. ಮೆಡಿಟರೇನಿಯನ್ ತೀರದ ನಲ್ಲಿ ನೀರು ಹಲವೆಡೆ ಗಡಸು. ಕೊನೆಯ ಸಲ ಜಾಲಿಸುವ ಎರಡು ಲೀಟರ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿದರೆ ಒಣಗಿದ ಮೇಲೆ ಒರಟಾಗುವುದಿಲ್ಲ. ಮೊಹೇರ್‌ಗೆ ಬರೀ ನೊರೆ: ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಮಕ್ಕಳ ಶಾಂಪೂ, ಚೆನ್ನಾಗಿ ಕಡೆದು, ಮೇಲಿನ ನೊರೆಯನ್ನಷ್ಟೇ ಟೂತ್‌ಬ್ರಷ್‌ನಲ್ಲಿ ಹಚ್ಚಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಫ್ಯಾನ್ ಎದುರು ಇಡಿ.

ಕರಡಿ ಕಳೆಯುವುದು ರಸ್ತೆಯಲ್ಲಲ್ಲ, ಹೋಟೆಲ್ ಹಾಸಿಗೆಯಲ್ಲಿ. ಬೆಳಿಗ್ಗೆ ಚಾದರ ಎಳೆಯುವಾಗ ಅದೂ ಸುತ್ತಿಕೊಂಡು ಬಟ್ಟೆ ಗಾಡಿ ಸೇರುತ್ತದೆ. ಕತ್ತಿನ ರಿಬ್ಬನ್‌ಗೆ ಕಟ್ಟಿದ ಚೀಟಿ ಉಳಿಯುವುದಿಲ್ಲ. ದೇಶದ ಕೋಡ್ ಸಮೇತ ಫೋನ್ ನಂಬರ್ ಬರೆದ ಹತ್ತಿಪಟ್ಟಿಯನ್ನು ಅಂಗಾಲಿಗೆ ಹೊಲಿಯಿರಿ. ವಸ್ತು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಏರ್‌ಟ್ಯಾಗ್ ಹಾಕುವವರು ಎರಡು ವಿಷಯ ಗಮನಿಸಿ. ಅದರ ಬಳಕೆಯ ಮೇಲಿನ ಮಿತಿ 60 ಡಿಗ್ರಿ, ಮೇಲೆ ಹೇಳಿದ ಡ್ಯಾಶ್‌ಬೋರ್ಡ್ ಅದನ್ನು ಮೀರುತ್ತದೆ. ಒಳಗಿನ ಬಿಲ್ಲೆ ಬ್ಯಾಟರಿಯನ್ನು ಪುಟ್ಟ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಜಿಪ್ ಜೇಬಿನಲ್ಲಿ ಬೇಡ, ಒಳಚೀಲದಲ್ಲಿಟ್ಟು ಬಿಗಿಯಾಗಿ ಹೊಲಿಯಬೇಕು.

ಊರಿಗೆ ಬಂದ ಮೇಲೆ ಕರಡಿಯನ್ನು ನೇರ ಮಂಚಕ್ಕೆ ಬಿಡಬೇಡಿ, ಬಾಡಿಗೆ ಮನೆಗಳಿಂದ ತಿಗಣೆ ಬರುವುದು ಸುಲಭ. ಕೈಯಲ್ಲಿ ತೊಳೆದರೂ, 30 ಡಿಗ್ರಿಯಲ್ಲಿ ತೊಳೆದರೂ ತಿಗಣೆ ಸಾಯುವುದಿಲ್ಲ. 60 ಡಿಗ್ರಿ ಬೇಕು, ಅದನ್ನು ತುಪ್ಪಳ ತಾಳುವುದಿಲ್ಲ. ಉಳಿದಿರುವುದು ಫ್ರೀಜರ್. ಕರಡಿ ಪೂರ್ತಿ ಒಣಗಿರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 72 ಗಂಟೆ. ಮನೆಯ ಫ್ರಿಜ್ಜಿನ ಮೇಲಿನ ಐಸ್ ಗೂಡು ಅಷ್ಟು ತಣ್ಣಗಾಗದಿದ್ದರೆ ದಿನ ಹೆಚ್ಚಿಸಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಅರ್ಧ ದಿನ ಹಾಗೇ ಬಿಡಿ. ಕರಡಿ ಕೋಣೆಯ ಕಾವಿಗೆ ಬರುವ ಮುಂಚೆ ತೆರೆದರೆ ಬೆಂಗಳೂರಿನ ಮಳೆಗಾಲದ ತೇವವೆಲ್ಲ ಅದರ ಮೈಮೇಲೆ ಹನಿಯಾಗಿ ಕೂರುತ್ತದೆ.