ವಿಂಡ್‌ವೇನ್ ಚುಕ್ಕಾಣಿ: ನಮ್ಮ ಕಡಲಿಗೆ ಯಾವುದು ಒಗ್ಗೀತು?

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿಗಳಲ್ಲಿ ಚುಕ್ಕಾಣಿಗೆ ಸರದಿಯ ಮೇಲೆ ನಿಲ್ಲಲು ಜನರಿರುತ್ತಾರೆ. ಇಬ್ಬರೇ ನಡೆಸುವ ಹಾಯಿದೋಣಿಯಲ್ಲಿ ಆ ಅನುಕೂಲವಿಲ್ಲ. ತಾನೇ ಚುಕ್ಕಾಣಿ ಹಿಡಿಯುವ ವಿದ್ಯುತ್ ಆಟೋಪೈಲಟ್ ರಾತ್ರಿಯಿಡೀ ಬ್ಯಾಟರಿಯನ್ನು ಹೀರುತ್ತದೆ. ದೋಣಿಯ ಹಿಂಬದಿಗೆ ಬಿಗಿದು, ಗಾಳಿ ಮತ್ತು ನೀರಿನ ಬಲದಿಂದಲೇ ದೋಣಿಯನ್ನು ದಾರಿಯಲ್ಲಿಡುವ ವಿಂಡ್‌ವೇನ್ ಯಂತ್ರಕ್ಕೆ ವಿದ್ಯುತ್ತೇ ಬೇಡ. ಇವುಗಳಲ್ಲಿ ಹೆಸರಾದ ಮೂರನ್ನು, ಅಂದರೆ ಅಮೆರಿಕದ ಮಾನಿಟರ್, ಜರ್ಮನಿಯ ವಿಂಡ್‌ಪೈಲಟ್ ಪೆಸಿಫಿಕ್ ಮತ್ತು ಹೈಡ್ರೋವೇನ್ ಯಂತ್ರಗಳನ್ನು, ನಮ್ಮ ಕರಾವಳಿಯ ಕಣ್ಣಿನಿಂದ ನೋಡಿದ್ದೇನೆ.

ಮೊದಲಿನ ಎರಡೂ ಸರ್ವೋ-ಪೆಂಡ್ಯುಲಮ್ ಜಾತಿಯವು. ದೋಣಿ ದಾರಿ ತಪ್ಪಿದೊಡನೆ ಗಾಳಿಗೆ ಹೊಂದಿಸಿಟ್ಟ ಹಲಗೆ ಒಂದು ಬದಿಗೆ ವಾಲುತ್ತದೆ, ಆ ವಾಲು ನೀರಿನೊಳಗೆ ಇಳಿಬಿಟ್ಟ ಹುಟ್ಟನ್ನು ತುಸು ತಿರುಗಿಸುತ್ತದೆ, ತಿರುಗಿದ ಹುಟ್ಟನ್ನು ಹರಿಯುವ ನೀರು ಪಕ್ಕಕ್ಕೆ ತಳ್ಳುತ್ತದೆ, ಆ ತಳ್ಳುಬಲವೇ ಹಗ್ಗಗಳ ಮೂಲಕ ಚುಕ್ಕಾಣಿಯ ಹಿಡಿಗೋಲನ್ನು ಎಳೆಯುತ್ತದೆ. ದೋಣಿಯ ವೇಗ ಏರಿದಷ್ಟೂ ಬಲ ಏರುವುದೇ ಇದರ ಸೊಗಸು. ಹಿಡಿಗೋಲಿರುವ ದೋಣಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ; ಚಕ್ರವಿದ್ದರೆ ಹಗ್ಗದ ತಿಕ್ಕಾಟದಲ್ಲಿ ಬಲ ಸೋರುತ್ತದೆ; ಹೈಡ್ರಾಲಿಕ್ ಚುಕ್ಕಾಣಿಯಿದ್ದರೆ ಇದರ ಆಸೆ ಬಿಡುವುದೇ ಲೇಸು.

ಹೈಡ್ರೋವೇನ್ ತನ್ನದೇ ಪ್ರತ್ಯೇಕ ಚುಕ್ಕಾಣಿಯನ್ನು ಹೊಂದಿದೆ. ದೋಣಿಯ ಮೂಲ ಚುಕ್ಕಾಣಿಯನ್ನು ಒಂದು ಕೋನದಲ್ಲಿ ಬಿಗಿದಿಟ್ಟರೆ ಉಳಿದ ಕೆಲಸವನ್ನು ಇದು ನೋಡಿಕೊಳ್ಳುತ್ತದೆ, ಮೂಲದ್ದು ಮುರಿದರೆ ಬದಲಿಯೂ ಆಗುತ್ತದೆ. ಆದರೆ ಮಲ್ಪೆಯಾಚೆ ರಾತ್ರಿ ಹೊತ್ತು ಹಾಸಿರುವ ಬಲೆಗಳ ನಡುವೆ ಸಾಗುವವನಿಗೆ, ಬೇಕೆಂದಾಗ ಮೇಲಕ್ಕೆತ್ತಬಹುದಾದ ಪೆಂಡ್ಯುಲಮ್ ಹುಟ್ಟೇ ಹೆಚ್ಚು ನೆಮ್ಮದಿ. ವೇನ್‌ಗೆ ಬಲೆಯೂ ಕಾಣದು, ಟ್ರಾಲ್ ಬೋಟೂ ಕಾಣದು, ಕಾವಲು ತಪ್ಪಿದ್ದಲ್ಲ.

ವೇನ್ ಕಾಯುವುದು ಗಾಳಿಯೊಡನೆ ದೋಣಿಯ ಕೋನವನ್ನೇ ಹೊರತು ದಿಕ್ಸೂಚಿಯನ್ನಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಬೇಸಿಗೆಯಲ್ಲಿ ನಮ್ಮಲ್ಲಿ ರಾತ್ರಿ ನೆಲದ ಗಾಳಿ, ಮಧ್ಯಾಹ್ನದ ನಂತರ ವಾಯವ್ಯದ ಕಡಲಗಾಳಿ. ನಡುವೆ ಗಾಳಿ ಸುತ್ತಿದಂತೆ ದೋಣಿಯೂ ಸದ್ದಿಲ್ಲದೆ ಸುತ್ತುತ್ತದೆ. ಆದ್ದರಿಂದ ದಡ ಬಿಡದೆ ಮಲ್ಪೆಯಿಂದ ಕಾರವಾರಕ್ಕೆ ಹೋಗುವವರಿಗೆ ಚಿಕ್ಕ ವಿದ್ಯುತ್ ಪೈಲಟ್ ಸಾಕು. ವಾಯವ್ಯ ಗಾಳಿಯನ್ನು ಬಲಮಗ್ಗುಲಿಗೆ ಇಟ್ಟುಕೊಂಡು ಪಡುವಣಕ್ಕೆ ಸಾಗುವ ಲಕ್ಷದ್ವೀಪದ ದಾರಿಯಲ್ಲಿ ವೇನ್ ಕೊಟ್ಟ ಹಣಕ್ಕೆ ಮೋಸ ಮಾಡದು. ಹಿಂಗಾಳಿ ತೀರ ಮೆದುವಾದಾಗ ಮಾತ್ರ ಮೂರೂ ತಡಬಡಾಯಿಸುತ್ತವೆ.

ದುರಸ್ತಿಯ ದೃಷ್ಟಿಯಿಂದ ನನ್ನ ಒಲವು ಮಾನಿಟರ್ ಕಡೆಗೆ. ಅದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳ ಚೌಕಟ್ಟು; ಮೀನುಗಾರಿಕಾ ಬೋಟುಗಳ ಕೆಲಸ ಮಾಡುವ ಬಂದರಿನ ವೆಲ್ಡರ್ ಅದನ್ನು ಬೆಸೆದುಕೊಟ್ಟಾನು. ಅಲ್ಯೂಮಿನಿಯಂ ವಿಂಡ್‌ಪೈಲಟ್ ಹಗುರವೂ ಅಚ್ಚುಕಟ್ಟೂ ಹೌದು, ಆದರೆ ಅದರ ಎರಕದ ಭಾಗ ಸೀಳಿದರೆ ವಿದೇಶದಿಂದ ಬರುವ ಪೆಟ್ಟಿಗೆಗೆ ಕಾಯಬೇಕು, ಸುಂಕವನ್ನೂ ಕಟ್ಟಬೇಕು. ಎಲೆಕ್ಟ್ರಾನಿಕ್ ಆಟೋಪೈಲಟ್ ನಿಷಿದ್ಧವಾಗಿದ್ದ 2022ರ ಗೋಲ್ಡನ್ ಗ್ಲೋಬ್ ಎಂಬ, ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಸ್ಪರ್ಧೆಯಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ ಅಭಿಲಾಷ್ ಟಾಮಿಯವರು ಶೌಚಾಲಯದ ಬಾಗಿಲನ್ನೇ ಕತ್ತರಿಸಿ ವೇನ್ ದುರಸ್ತಿ ಮಾಡಿಕೊಂಡಿದ್ದರು. ಬಿಡಿಭಾಗಗಳ ಬೆಲೆ ಅಲ್ಲಿ ತಿಳಿಯುತ್ತದೆ. ಉಳಿದಂತೆ ಆರೈಕೆ ಹಗುರ: ಮಾನಿಟರ್‌ನ ಪ್ಲಾಸ್ಟಿಕ್ ಬೇರಿಂಗ್‌ಗಳಿಗೆ ಎಣ್ಣೆ ಹಚ್ಚದೆ ಸಿಹಿನೀರಿನಿಂದ ಉಪ್ಪು ತೊಳೆದರಾಯಿತು.

ಹಣ ಕಳಿಸುವ ಮುನ್ನ ದೋಣಿಯ ಹಿಂಬದಿಯನ್ನು ಅಳೆಯಿರಿ. ಏಣಿ, ಸೋಲಾರ್ ಫಲಕದ ಕಮಾನು, ಹೊರಚಾಚಿದ ಹಾಯಿಮರದ ಅಡ್ಡಗೋಲು ಹಲಗೆಗೆ ತಾಗುವಂತಿದ್ದರೆ ಅವುಗಳನ್ನು ಸರಿಸುವ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.